ಸುಟ್ಟುಮಣ್ಣಿನ ಜಾಗದ ಹಾವಸೆ, ಗದ್ದೆ ಬದುವಿನ ಹಾವಸೆ ಎರಡೂ ಒಂದೇನಾ?

ಅಲ್ಲ, ಆದರೆ ಎರಡೂ ಹಾವಸೆಗಳು (ಮಾಸ್) ಒಂದೇ ಕುಟುಂಬದ ಹತ್ತಿರದ ನೆಂಟರು. ಶಿರಸಿ ಕಡೆ ಸುಟ್ಟುಮಣ್ಣು (ತರಗೆಲೆ, ಕಸದ ಜೊತೆ ಮಣ್ಣು ಸುಟ್ಟು ಮಾಡುವ ಗೊಬ್ಬರ) ಮಾಡಿದಲ್ಲಿ ದಟ್ಟವಾಗಿ ಬರುವುದು ಹೆಚ್ಚಾಗಿ ಫ್ಯುನೇರಿಯಾ ಹೈಗ್ರೊಮೆಟ್ರಿಕಾ; ಬೂದಿ ಬಿದ್ದ ನೆಲ ಅದಕ್ಕೆ ಬಲು ಇಷ್ಟ. ಬದುವಿನ ಹಸಿಮಣ್ಣಿನದು ಫಿಸ್ಕೊಮಿಟ್ರಿಯಮ್ ಯೂರಿಸ್ಟೋಮಮ್ ಇರಬಹುದು.

ಎಲೆ ನೋಡಿ ಗುರುತಿಸಲು ಹೋಗಬೇಡಿ, ಸೋಲುತ್ತೀರಿ. ಹಾವಸೆಯಿಂದ ಮೇಲೇಳುವ ಸಪೂರ ಕಡ್ಡಿಯ ತುದಿಯಲ್ಲಿರುವ ಬೀಜಕಣದ (ಸ್ಪೋರ್) ಗಿಂಡಿ ನೋಡಿ. ಫ್ಯುನೇರಿಯಾದ ಗಿಂಡಿ ಸೊಟ್ಟಗೆ ಬಾಗಿ ತೂಗುತ್ತದೆ. ಇನ್ನೊಂದರದು ನೆಟ್ಟಗೆ ನಿಂತ ಪುಟ್ಟ ಬಟ್ಟಲು.

ಇನ್ನೊಂದು ವ್ಯತ್ಯಾಸ ಇರುವುದು ಗಿಂಡಿಯ ಬಾಯಿಯಲ್ಲಿ. ಫ್ಯುನೇರಿಯಾದ ಗಿಂಡಿಯ ಬಾಯಿಗೆ ಎರಡು ಸುತ್ತು ಹಲ್ಲುಗಳು, ಸುತ್ತಿಗೆ 16. ಗಾಳಿ ಒಣಗಿದಾಗ ಹಲ್ಲುಗಳ ನಡುವೆ ಸಂದು ತೆರೆದು ಬೀಜಕಣ ಸ್ವಲ್ಪಸ್ವಲ್ಪವೇ ಉದುರುತ್ತದೆ. ತೇವ ತಾಗಿದರೆ ಸಂದು ಮುಚ್ಚುತ್ತದೆ. ಕಡ್ಡಿಯೂ ತೇವಕ್ಕೆ ತಕ್ಕಂತೆ ತಿರುಚಿಕೊಳ್ಳುತ್ತದೆ. ಹೈಗ್ರೊಮೆಟ್ರಿಕಾ ಎಂದರೆ ತೇವ ಅಳೆಯುವಂಥದ್ದು, ಎಷ್ಟು ಸರಿಯಾದ ಹೆಸರು! ಫಿಸ್ಕೊಮಿಟ್ರಿಯಮ್‌ಗೆ ಹಲ್ಲೇ ಇಲ್ಲ. ಮುಚ್ಚಳ ಕಳಚಿದರೆ ಅಗಲ ಬಾಯಿ ತೆರೆದೇ ಇರುತ್ತದೆ.

ಮಳೆಗಾಲ ಮುಗಿದ ಮೇಲೆ ಗಿಂಡಿ ಕಂದುಬಣ್ಣಕ್ಕೆ ತಿರುಗಿದಾಗ ಭೂತಗನ್ನಡಿ ಹಿಡಿದು ನೋಡಿ. ಒಣ ಗಿಂಡಿಯ ಮೇಲೆ ಬಾಯಿಂದ ಹಬೆ ಊದಿದರೆ ಹಲ್ಲು ಅಲುಗುವುದೂ ಕಂಡೀತು.