ಟ್ಯಾಕಲ್ ಮಾಡದ ಡಿಫೆಂಡರ್

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಲಿವರ್‌ಪೂಲ್ ಕ್ಲಬ್‌ನ ಅಲನ್ ಹ್ಯಾನ್ಸನ್ ಅವರನ್ನು ಫುಟ್‌ಬಾಲ್‌ನ ಶ್ರೇಷ್ಠ ಡಿಫೆಂಡರ್‌ಗಳ ಸಾಲಿಗೆ ಸೇರಿಸಿದ್ದೀರಿ. ಹಳೆಯ ವಿಡಿಯೊಗಳಲ್ಲಿ ಅವರು ಟ್ಯಾಕಲ್ ಮಾಡಿದ್ದೇ (ಎದುರಾಳಿಯ ಕಾಲಿನಿಂದ ಚೆಂಡು ಕಸಿದದ್ದೇ) ಅಪರೂಪ. ಸ್ಕಾಟ್ಲೆಂಡ್ ಪರ ಆಡಿದ್ದು ಬರೀ 26 ಪಂದ್ಯ. 1982ರ ವಿಶ್ವಕಪ್‌ನಿಂದ ತಂಡ ಹೊರಬಿದ್ದದ್ದೂ ಅವರ ತಪ್ಪಿನಿಂದ. ಯಾವ ಲೆಕ್ಕದಲ್ಲಿ ಶ್ರೇಷ್ಠ?

ಸಂಪಾದಕರ ಉತ್ತರ: ಟ್ಯಾಕಲ್ ಕಾಣುವುದಿಲ್ಲ ಎಂದಿರಿ. ನಾವು ಮೆಚ್ಚಿದ್ದೂ ಅದನ್ನೇ. ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ನೆಲಕ್ಕೆ ಜಾರಿ ಚೆಂಡು ತಪ್ಪಿಸಿಕೊಂಡರೆ, ಎದ್ದು ತಿರುಗುವಷ್ಟರಲ್ಲಿ ಸ್ಟ್ರೈಕರ್ ಗೋಲ್‌ಕೀಪರ್ ಎದುರು ನಿಂತಿರುತ್ತಾನೆ. ಹ್ಯಾನ್ಸನ್ ಮೈಮೇಲೆ ಬೀಳುತ್ತಿರಲಿಲ್ಲ. ಅರ್ಧ ಹೆಜ್ಜೆ ಹಿಂದೆ ಸರಿದು, ಎದುರಾಳಿಯನ್ನು ಅಂಚಿನ ಗೆರೆಯತ್ತ ದೂಡಿ, ಪಾಸ್ ಹೊರಟ ಕ್ಷಣದಲ್ಲಿ ನಡುವೆ ಕಾಲಿಟ್ಟು ಚೆಂಡು ವಶಮಾಡಿಕೊಳ್ಳುತ್ತಿದ್ದರು.

ಆಮೇಲೆ ಮಾಡುತ್ತಿದ್ದದ್ದು ಇನ್ನೂ ಮುಖ್ಯ. ಇಂಗ್ಲೆಂಡಿನ ಹೆಚ್ಚಿನ ಸೆಂಟರ್ ಬ್ಯಾಕ್‌ಗಳು ಚೆಂಡು ಸಿಕ್ಕೊಡನೆ ದೂರ ಒದೆಯುತ್ತಿದ್ದ ಕಾಲ ಅದು. ಹ್ಯಾನ್ಸನ್ ತಲೆ ಎತ್ತಿಕೊಂಡು ಚೆಂಡನ್ನು ತಾವೇ ಮುಂದಕ್ಕೆ ಒಯ್ಯುತ್ತಿದ್ದರು. ತಡೆಯಲು ಒಬ್ಬ ಮಿಡ್‌ಫೀಲ್ಡರ್ ಬಂದನೋ, ಅವನು ಕಾವಲಿದ್ದ ಲಿವರ್‌ಪೂಲ್ ಜೊತೆಯಾಟಗಾರ ಸೂನೆಸ್ ಅಥವಾ ಡಾಲ್‌ಗ್ಲಿಷ್ ಬಿಡುವಾದಂತೆಯೇ. ಇದರಲ್ಲಿ ಅಪಾಯವೂ ಇದೆ: ದಾರಿಯಲ್ಲಿ ಚೆಂಡು ಕಳೆದುಕೊಂಡರೆ ಹಿಂದೆ ದೊಡ್ಡ ಖಾಲಿ ಜಾಗ. ಹಾಗಾಗಿ ಜೊತೆಗಾರ ಕದಲದೆ ನಿಲ್ಲಬೇಕು. ಮೊದಲು ಫಿಲ್ ಥಾಂಪ್ಸನ್, ಆಮೇಲೆ ಮಾರ್ಕ್ ಲಾರೆನ್ಸನ್ ಆ ಕೆಲಸ ಮಾಡಿದರು. ಇಕ್ಕಟ್ಟಾದರೆ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಡುವ ದಾರಿಯೂ ಇತ್ತು, ಆತ ಅದನ್ನು ಕೈಯಲ್ಲೇ ಹಿಡಿಯಬಹುದಿತ್ತು. ಆ ಸವಲತ್ತು ತಪ್ಪಿದ್ದು 1992ರಲ್ಲಿ, ಹ್ಯಾನ್ಸನ್ ನಿವೃತ್ತರಾದ ಮರುವರ್ಷ. ಅದೃಷ್ಟವಂತರು ಎಂದು ನೀವು ಹೇಳಿದರೆ ಒಪ್ಪುತ್ತೇವೆ.

ಇನ್ನು 26ರ ಮಾತು. ಸ್ಕಾಟ್ಲೆಂಡಿಗೆ ಆಗ ಅಬರ್ಡೀನ್ ಕ್ಲಬ್‌ನ ಸಿದ್ಧ ಜೋಡಿಯೇ ಇತ್ತು: ವಿಲ್ಲಿ ಮಿಲ್ಲರ್ (65 ಪಂದ್ಯ), ಅಲೆಕ್ಸ್ ಮೆಕ್ಲೀಶ್ (77). ವಾರವಾರವೂ ಒಟ್ಟಿಗೆ ಆಡುವವರನ್ನು ಬಿಡಿಸಿ, ಬೇರೆ ಪದ್ಧತಿಯಲ್ಲಿ ಪಳಗಿದ ಒಬ್ಬನನ್ನು ನಡುವೆ ತುರುಕಲು ಯಾವ ತರಬೇತುದಾರನಾದರೂ ಹಿಂಜರಿಯುತ್ತಾನೆ. 1986ರ ವಿಶ್ವಕಪ್‌ಗೆ ತಂಡ ಆರಿಸಿದ್ದು ಅಬರ್ಡೀನ್‌ನ ತರಬೇತುದಾರರೇ ಆಗಿದ್ದ ಅಲೆಕ್ಸ್ ಫರ್ಗುಸನ್. ಆ ವರ್ಷ ಇಂಗ್ಲೆಂಡಿನ ಲೀಗ್, ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಎರಡನ್ನೂ ಗೆದ್ದ ಲಿವರ್‌ಪೂಲ್ ನಾಯಕ ಹ್ಯಾನ್ಸನ್‌ಗೆ ಅದರಲ್ಲಿ ಜಾಗ ಸಿಗಲಿಲ್ಲ. ನಮಗೆ ಅದು ಇಂದಿಗೂ ಸರಿಯೆನಿಸಿಲ್ಲ.

ಇನ್ನು ವಿಶ್ವಕಪ್‌ನ ಆ ತಪ್ಪು. 1982ರ ಜೂನ್ 22, ಸ್ಪೇನಿನ ಮಾಲಗಾ. ಸೋವಿಯತ್ ವಿರುದ್ಧ ಸ್ಕೋರು 1-1 ಆಗಿತ್ತು. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲುಗಳಿಂದ ಬಿಟ್ಟ ಗೋಲುಗಳನ್ನು ಕಳೆದ ಲೆಕ್ಕ) ಹಿಂದಿದ್ದ ಸ್ಕಾಟ್ಲೆಂಡಿಗೆ ಗೆಲುವೇ ಬೇಕಿತ್ತು. 84ನೇ ನಿಮಿಷದಲ್ಲಿ ಅಂಚಿನತ್ತ ಬಂದ ಉದ್ದ ಚೆಂಡಿಗೆ ಹ್ಯಾನ್ಸನ್, ಮಿಲ್ಲರ್ ಇಬ್ಬರೂ ಹೋಗಿ ಡಿಕ್ಕಿ ಹೊಡೆದರು. ಶೆಂಗೆಲಿಯಾ ಒಬ್ಬನೇ ಓಡಿ ಗೋಲು ಹೊಡೆದ. ನಮ್ಮ ಪ್ರಕಾರ ಕಾರಣ ಸರಳ. ಇಬ್ಬರೂ ತಮ್ಮ ಕ್ಲಬ್‌ಗಳಲ್ಲಿ ಆಟವನ್ನು ಓದಿ ಹಿಂದಿನ ಜಾಗ ಮುಚ್ಚುವವರು. ‘ನನ್ನದು’ ಎಂದು ಒಬ್ಬ ಕೂಗಿ ಇನ್ನೊಬ್ಬ ಹಿಂದೆ ನಿಲ್ಲಬೇಕಾದ ಕಡೆ ಇಬ್ಬರೂ ಮುಂದೆ ಬಂದರು. ಸೂನೆಸ್ ಸಮ ಮಾಡಿದರೂ 2-2 ಸಾಲಲಿಲ್ಲ. ತಪ್ಪು ಹೌದು, ಆದರೆ ಅರ್ಧ ಪಾಲು ಮಿಲ್ಲರ್‌ದು. ಗೋಲು ವ್ಯತ್ಯಾಸ ಕೆಡಿಸಿದ ಹಿಂದಿನ ಪಂದ್ಯಗಳಲ್ಲಿ ಬ್ರೆಜಿಲ್‌ಗೆ 4-1ರಲ್ಲಿ ಸೋತದ್ದನ್ನೂ, ನ್ಯೂಜಿಲೆಂಡಿಗೆ ಎರಡು ಗೋಲು ಬಿಟ್ಟದ್ದನ್ನೂ ಮರೆಯಬೇಡಿ.

ಉಳಿದ ಲೆಕ್ಕ ಚುಟುಕಾಗಿ: 1955ರಲ್ಲಿ ಸ್ಕಾಟ್ಲೆಂಡಿನ ಸಾಕಿಯಲ್ಲಿ ಜನನ, ಪಾರ್ಟಿಕ್ ಥಿಸಲ್ ಕ್ಲಬ್‌ನಿಂದ 1977ರಲ್ಲಿ ಒಂದು ಲಕ್ಷ ಪೌಂಡಿಗೆ ಲಿವರ್‌ಪೂಲ್‌ಗೆ, ಅಲ್ಲಿ 620 ಪಂದ್ಯ, ಎಂಟು ಲೀಗ್, ಮೂರು ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್). ಮೊಣಕಾಲು ಕೈಕೊಟ್ಟು 1991ರಲ್ಲಿ ನಿವೃತ್ತಿ. ನಂತರ 2014ರವರೆಗೆ ಬಿಬಿಸಿ ವಿಶ್ಲೇಷಕ. ‘ಮಕ್ಕಳನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು’ ಎಂದು 1995ರಲ್ಲಿ ಎಳೆಯ ಆಟಗಾರರನ್ನು ಇಳಿಸಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ ಅಂದದ್ದು ಇವರೇ. ಆ ಋತುವಿನಲ್ಲಿ ಯುನೈಟೆಡ್ ಲೀಗನ್ನೂ ಕಪ್ಪನ್ನೂ ಗೆದ್ದಿತು!

ಒಂದು ಪಂದ್ಯ ನೋಡುವುದಾದರೆ 1986ರ ಎಫ್‌ಎ ಕಪ್ ಫೈನಲ್ ನೋಡಿ. ಚೆಂಡನ್ನು ಬಿಟ್ಟು 6ನೇ ನಂಬರಿನ ಮೇಲೆ ಕಣ್ಣಿಡಿ. ಎದುರಾಳಿ ಎವರ್ಟನ್‌ನ ಏಕೈಕ ಗೋಲಿನಲ್ಲಿ ಬೆನ್ನ ಹಿಂದೆ ಬಿದ್ದ ಉದ್ದ ಪಾಸ್‌ಗೆ ಸ್ಟ್ರೈಕರ್ ಲಿನೇಕರ್ ಹ್ಯಾನ್ಸನ್‌ರನ್ನು ಓಟದಲ್ಲಿ ಹಿಂದಿಕ್ಕುವುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಗೆ ವಿಡಿಯೊ ನಿಲ್ಲಿಸಬೇಡಿ. ಲಿವರ್‌ಪೂಲ್ 3-1ರಲ್ಲಿ ಗೆದ್ದಿತು.