ಶಾನಭಾಗ, ಕುಲಕರ್ಣಿ ಹೆಸರುಗಳಿಗೆ ಸಂಬಂಧ ಇದೆಯಾ?

ಬೆಂಗಳೂರಿನ ಆಫೀಸಿನಲ್ಲಿ ಒಬ್ಬರು ಶಾನಭಾಗ, ಇನ್ನೊಬ್ಬರು ಕುಲಕರ್ಣಿ; ಎರಡೂ ಒಂದೇನಾ ಎಂದು ಕೇಳಿದ್ದೀರಿ. ಮನೆತನ ಬೇರೆ, ಕಸುಬು ಒಂದೇ. ಎರಡೂ ಊರಿನ ಲೆಕ್ಕ ಬರೆಯುವವರ ಹುದ್ದೆಯಿಂದ ಬಂದ ಹೆಸರುಗಳು.

ಹಳೆಯ ಶಾಸನಗಳಲ್ಲಿ 'ಸೇನಬೋವ' ಎಂಬ ಪದ ಸಿಗುತ್ತದೆ. ಅದೇ ಬಾಯಿಂದ ಬಾಯಿಗೆ ಸವೆದು ಶಾನುಭೋಗ, ಶಾನಭಾಗ ಆಯಿತು. ಯಾರ ಹೊಲ ಎಷ್ಟು, ಕಂದಾಯ ಎಷ್ಟು ಬಾಕಿ, ಎಲ್ಲ ಅವರ ಕಡತದಲ್ಲಿ ಇರುತ್ತಿತ್ತು. ಕಡತ ಅಂದರೆ ಕಾಗದವಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ನನಗೆ ಇದು ಬಹಳ ಇಷ್ಟದ ವಿಷಯ!

ಕುಲಕರ್ಣಿ ಉತ್ತರ ಕರ್ನಾಟಕ, ಮಹಾರಾಷ್ಟ್ರದ ಕಡೆ ಜಾಸ್ತಿ. ಶಾನಭಾಗರು ಕರಾವಳಿಯಲ್ಲಿ, ಅದರಲ್ಲೂ ಕೊಂಕಣಿ ಮಾತಾಡುವ ಗೌಡ ಸಾರಸ್ವತರಲ್ಲಿ ಹೆಚ್ಚು. ಹಳೇ ಮೈಸೂರಿನಲ್ಲೂ ಶಾನುಭೋಗರು ಊರೂರಿಗೆ ಇದ್ದರು. ಆದರೆ ಇಲ್ಲಿ ಊರು, ತಂದೆ ಹೆಸರಿನ ಇನಿಷಿಯಲ್ ಹಾಕುವುದೇ ರೂಢಿ ಅಲ್ವಾ? ಹಾಗಾಗಿ ಅದು ಅಡ್ಡಹೆಸರಾಗಿ ಅಷ್ಟಾಗಿ ಉಳಿಯಲಿಲ್ಲ.

ಕರ್ನಾಟಕದಲ್ಲಿ ವಂಶಪಾರಂಪರ್ಯದ ಶಾನುಭೋಗ ಹುದ್ದೆ 1961ರ ಕಾಯ್ದೆಯಿಂದ ರದ್ದಾಯಿತು. ಅದು ಜಾರಿಗೆ ಬಂದದ್ದು 1963ರಲ್ಲಿ. ಆಮೇಲೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.