ಅಡಿಕೆ ಸುಲಿಯುವ ಯಂತ್ರ ಬೆನ್ನು ಬಿಡುತ್ತಿಲ್ಲ!

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಕಡೆಯ ಒಬ್ಬ ನಿವೃತ್ತ ಮಾಷ್ಟ್ರು. ಮನೆಯ ಕಂಪ್ಯೂಟರಿನಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೆ ಕ್ರಯ ಎಷ್ಟು ಅಂತ ನೋಡಿದ್ದೆ, ಅಷ್ಟೇ. ಆಮೇಲೆ ಪೇಪರ್ ಓದಲು ಕೂತರೂ ಅದೇ ಯಂತ್ರ, ಮಳೆ ಉಂಟಾ ನೋಡಿದರೂ ಅದೇ ಯಂತ್ರ. ಅಳಿಯ ‘ಕುಕಿ ಎಲ್ಲ ಡಿಲೀಟ್ ಮಾಡಿ ಮಾವ’ ಅಂದ. ಮಾಡಿದೆ. ಈಗ ಮೇಲ್, ಕರೆಂಟ್ ಬಿಲ್ಲು, ಎಲ್ಲ ಕಡೆ ಪಾಸ್‌ವರ್ಡ್ ಕೇಳುತ್ತದೆ. ಸ್ವಲ್ಪ ದಿನದಲ್ಲಿ ಯಂತ್ರವೂ ವಾಪಸ್ ಬಂತು! ಕುಕಿ ಅಂದರೆ ವೈರಸ್ಸಾ? ಜಾಹೀರಾತು ಮಲಯಾಳದಲ್ಲಿ ಬರುವುದೂ ಅದರಿಂದಲೇ?

ಉತ್ತರ: ಮಾಷ್ಟ್ರೇ, ವೈರಸ್ ಅಲ್ಲ, ಧೈರ್ಯವಾಗಿರಿ. ಕುಕಿ ಅಂದರೆ ವೆಬ್‌ಸೈಟು ನಿಮ್ಮ ಕಂಪ್ಯೂಟರಿನಲ್ಲಿ ಇಡುವ ಒಂದು ಸಣ್ಣ ಚೀಟಿ. ನಿಮ್ಮ ಅಳಿಯ ಹೇಳಿದ್ದರಲ್ಲಿ ಅರ್ಧ ಸರಿ. ‘ಎಲ್ಲ’ ಅಂದದ್ದು ಮಾತ್ರ ಜಾಸ್ತಿಯಾಯಿತು.

ಬದಿಯಡ್ಕದ ನನ್ನ ಅಂಗಡಿಗೆ ರಿಪೇರಿಗೆ ಬರುವವರೂ ಇದನ್ನೇ ಕೇಳುತ್ತಾರೆ. (ಮಳೆಗಾಲದಲ್ಲಿ ಮಾತ್ರ ಕುಕಿಯ ಸುದ್ದಿಯೇ ಇಲ್ಲ. ಆಗ ಬರೀ ಸಿಡಿಲಿಗೆ ಸುಟ್ಟ ಮೋಡೆಮ್.) ಅವರಿಗೆ ನಾನು ಕುಕಿಯನ್ನೇ ತೆಗೆದು ತೋರಿಸುತ್ತೇನೆ. ನೀವೂ ನೋಡಬಹುದು. ಕ್ರೋಮ್ ಬ್ರೌಸರಿನಲ್ಲಿ (ಬ್ರೌಸರ್ ಅಂದರೆ ವೆಬ್‌ಸೈಟು ನೋಡುವ ತಂತ್ರಾಂಶ) ಯಾವುದಾದರೂ ಪುಟ ತೆರೆದು ಎಫ್12 ಒತ್ತಿ. ಬದಿಯಲ್ಲಿ ಒಂದು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ‘ಅಪ್ಲಿಕೇಶನ್’, ಅದರ ಕೆಳಗೆ ‘ಕುಕೀಸ್’. ಒಂದೊಂದು ಸಾಲೂ ಒಂದೊಂದು ಕುಕಿ: ಒಂದು ಹೆಸರು, ತಲೆಬುಡ ಗೊತ್ತಾಗದ ಅಕ್ಷರ-ಅಂಕಿಗಳ ಸರ, ಯಾವ ಸೈಟಿನದ್ದು, ಯಾವಾಗ ಅವಧಿ ಮುಗಿಯುತ್ತದೆ. ಒಂದಕ್ಕೆ ಹೆಚ್ಚೆಂದರೆ 4 ಕೆಬಿ ಜಾಗ. ಅದು ಬರೀ ಬರಹ. ತಾನಾಗಿ ಏನೂ ಮಾಡಲಾರದು. ಅವಧಿಯ ಜಾಗದಲ್ಲಿ ‘ಸೆಷನ್’ ಅಂತ ಇದ್ದರೆ ಬ್ರೌಸರ್ ಮುಚ್ಚಿದಾಗ ಅದು ಹೋಗಬೇಕು. ತಾರೀಕು ಇದ್ದರೆ ಅಲ್ಲಿಯವರೆಗೆ ಕೂತಿರುತ್ತದೆ. ಈಗಿನ ಕ್ರೋಮ್ 400 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ಇದು ಯಾಕೆ ಬೇಕು? ವೆಬ್‌ಸೈಟಿಗೆ ಮರೆವು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನೀವು ಯಾರು ಅಂತ ಅದಕ್ಕೆ ಗೊತ್ತಿರುವುದಿಲ್ಲ. ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ 1994ರಲ್ಲಿ ಇದಕ್ಕೆ ಉಪಾಯ ಹುಡುಕಿದರು. ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಕೊಟ್ಟ ಹಾಗೆ, ಸೈಟು ನಿಮ್ಮ ಬ್ರೌಸರಿಗೆ ಒಂದು ನಂಬರ್ ಕೊಡುತ್ತದೆ. ಮುಂದಿನ ಸಲ ಬ್ರೌಸರ್ ಅದನ್ನು ತೋರಿಸುತ್ತದೆ. ನೀವು ಎಲ್ಲ ಟೋಕನ್ ಬಿಸಾಡಿದಿರಿ, ಅದಕ್ಕೇ ಎಲ್ಲ ಕಡೆ ಮತ್ತೆ ಲಾಗಿನ್ ಕೇಳಿತು. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಇದ್ದರೆ ಅದು ಬೇರೆ ಜಾಗದಲ್ಲಿರುತ್ತದೆ, ಕುಕಿ ಅಳಿಸಿದರೆ ಹೋಗುವುದಿಲ್ಲ.

ಇನ್ನು ನಿಮ್ಮ ಯಂತ್ರ. ಮೇಲ್‌ನವರು ಇಟ್ಟ ಕುಕಿ ಮೇಲ್‌ಗೆ ಮಾತ್ರ ಕಾಣುತ್ತದೆ, ಪೇಪರಿನವರಿಗೆ ಕಾಣುವುದಿಲ್ಲ. ಹಾಗಾದರೆ ಯಂತ್ರದ ಸುದ್ದಿ ಪೇಪರಿಗೆ ಹೇಗೆ ಹೋಯಿತು? ಹೋಗಲೇ ಇಲ್ಲ. ಪೇಪರಿನ ಪುಟದಲ್ಲಿ ಜಾಹೀರಾತಿನ ಆ ಚೌಕ ಉಂಟಲ್ಲ, ಅದು ಬರುವುದು ಜಾಹೀರಾತು ಕಂಪನಿಯ ಸರ್ವರಿನಿಂದ. ಯಂತ್ರ ಮಾರುವವರ ಪುಟದಲ್ಲೂ ಅದೇ ಕಂಪನಿಯ ಕಣ್ಣಿಗೆ ಕಾಣದ ಒಂದು ತುಣುಕು ಇರುತ್ತದೆ. ಎರಡೂ ಕಡೆ ನಿಮ್ಮ ಬ್ರೌಸರ್ ತೋರಿಸುವುದು ಆ ಕಂಪನಿಯದೇ ನಂಬರ್. ‘ಓ, ಯಂತ್ರ ನೋಡಿದವರು ಇವರೇ’ ಅಂತ ಅದಕ್ಕೆ ತಿಳಿಯುತ್ತದೆ. ಇದೇ ಥರ್ಡ್ ಪಾರ್ಟಿ ಕುಕಿ. ನೀವು ಅಳಿಸಿದ್ದು ಸಾಕಾಗಲಿಲ್ಲ, ಯಾಕೆಂದರೆ ಬಾಗಿಲು ತೆರೆದೇ ಇತ್ತು. ಮತ್ತೆ ಆ ಪುಟ ನೋಡಿದಿರೋ, ಜಾಹೀರಾತನ್ನೇ ಒತ್ತಿದಿರೋ, ಹೊಸ ನಂಬರ್ ಸಿಕ್ಕಿತು.

ಹಾಗಾಗಿ ಬಾಗಿಲು ಹಾಕಿ. ಕ್ರೋಮ್‌ನಲ್ಲಿ ಮೂರು ಚುಕ್ಕೆ, ಸೆಟ್ಟಿಂಗ್ಸ್, ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಥರ್ಡ್-ಪಾರ್ಟಿ ಕುಕೀಸ್’. ಅಲ್ಲಿ ಬ್ಲಾಕ್ ಅನ್ನುವುದನ್ನು ಆರಿಸಿ. ಇಷ್ಟು ಮಾಡಿದರೆ ಮೇಲ್, ಬಿಲ್ಲು ಎಲ್ಲ ಮೊದಲಿನ ಹಾಗೇ ನಡೆಯುತ್ತದೆ. ಯಾವುದಾದರೂ ಸೈಟು ಮುಷ್ಕರ ಹೂಡಿದರೆ ವಿಳಾಸದ ಪಟ್ಟಿಯಲ್ಲಿ ಕಣ್ಣಿನ ಚಿತ್ರ ಬರುತ್ತದೆ, ಅದನ್ನು ಒತ್ತಿ ಆ ಸೈಟಿಗೆ ಮಾತ್ರ ಬಿಡಬಹುದು. ಒಂದೇ ಸೈಟಿನ ಕುಕಿ ತೆಗೆಯಬೇಕಾದರೆ ಅದೇ ಪುಟದ ಕೆಳಗೆ ಎಲ್ಲ ಸೈಟುಗಳ ಡೇಟಾ ನೋಡುವ ದಾರಿ ಉಂಟು. ಹೆಸರು ಹುಡುಕಿ, ಕಸದ ಬುಟ್ಟಿ ಒತ್ತಿ.

ಇದನ್ನು ಕ್ರೋಮ್ ತಾನೇ ಮಾಡಬಹುದಿತ್ತು, ಅಲ್ವಾ? ಎರಡು ವರ್ಷದೊಳಗೆ ಥರ್ಡ್ ಪಾರ್ಟಿ ಕುಕಿ ನಿಲ್ಲಿಸುತ್ತೇವೆ ಅಂತ ಕ್ರೋಮ್ ಮಾಡುವ ಗೂಗಲ್ 2020ರಲ್ಲಿ ಹೇಳಿತು. ಮುಂದೂಡಿತು, ಮತ್ತೆ ಮುಂದೂಡಿತು, ಕಡೆಗೆ ಕೈಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿ, ಇನ್ನೇನು ಮಾಡೀತು! ಆ್ಯಪಲ್‌ನ ಸಫಾರಿ 2020ರಲ್ಲೇ ನಿಲ್ಲಿಸಿದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿನ ಕುಕಿಯನ್ನು ಬೇರೆ ಬೇರೆ ಇಡುತ್ತದೆ, ನೀವೇನೂ ಮಾಡಬೇಕಿಲ್ಲ. ನನ್ನ ಮನೆಯಲ್ಲಿ ಇರುವುದು ಫೈರ್‌ಫಾಕ್ಸೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಪೂರ್ತಿ ಮಾಯವಾಗುತ್ತದೆ ಅಂತ ಭರವಸೆ ಇಲ್ಲ. ಗೂಗಲ್‌ಗೆ ಲಾಗಿನ್ ಆಗಿಯೇ ಹುಡುಕಿದ್ದರೆ ಅದು ನಿಮ್ಮ ಖಾತೆಗೇ ಗೊತ್ತಿರುತ್ತದೆ. ಖಾತೆಯ ‘ಮೈ ಆ್ಯಡ್ ಸೆಂಟರ್’ನಲ್ಲಿ ಪರ್ಸನಲೈಸ್ಡ್ ಆ್ಯಡ್ಸ್ ಆಫ್ ಮಾಡಿ.

ಮಲಯಾಳದ ಜಾಹೀರಾತಿಗೆ ಕುಕಿಯನ್ನೇ ಬೈಯಬೇಡಿ. ನೀವು ಇರುವ ಜಾಗವನ್ನು ಐಪಿ ವಿಳಾಸದಿಂದಲೇ (ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರ್) ಅಂದಾಜು ಮಾಡಬಹುದು. ಕೇರಳ ಅಂತ ಕಂಡರೆ ಮಲಯಾಳ ಹಾಕುತ್ತಾರೆ. ಪೆರ್ಲದಲ್ಲಿ ಮನೆಯೊಳಗೆ ಯಾವ ಮಾತು ಅಂತ ಅವರಿಗೇನು ಗೊತ್ತು? ಆದರೆ ಲಾಗಿನ್ ಆಗದೆ ಗೂಗಲ್ ಪುಟದಲ್ಲಿ ‘ಕನ್ನಡ’ ಆರಿಸಿದರೆ ಆ ಆಯ್ಕೆ ನೆನಪಿರುವುದು ಕುಕಿಯಲ್ಲೇ. ಎಲ್ಲ ಅಳಿಸಿದರೆ ಅದೂ ಹೋಗುತ್ತದೆ.

ಪ್ರಶ್ನೆ: ಅಣ್ಣಾ, ನಮ್ಮ ಉಪ್ಪಳದ ಮನೆಯ ಕಂಪ್ಯೂಟರ್ ಮಕ್ಕಳು, ಪಕ್ಕದ ಮನೆಯವರು ಎಲ್ಲ ಮುಟ್ಟುತ್ತಾರೆ. ಬ್ಯಾಂಕಿನ ಪುಟವನ್ನು ಮೂಲೆಯ ಇಂಟು ಒತ್ತಿ ಮುಚ್ಚಿದರೆ ಸಾಕಾ?

ಉತ್ತರ: ಸಾಲದು ಅಕ್ಕಾ. ಲಾಗ್ಔಟ್ ಒತ್ತಲೇಬೇಕು. ಇಂಟು ಒತ್ತಿದರೆ ಪುಟ ಮುಚ್ಚುತ್ತದೆ, ಲಾಗಿನ್ ಮುಗಿಯಿತು ಅಂತ ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಬ್ಯಾಂಕೇ ಹೊರಗೆ ಹಾಕುತ್ತದೆ, ನಿಜ. ಅಷ್ಟರೊಳಗೆ ಯಾರಾದರೂ ಬಂದು ಕೂತರೆ? ಪಕ್ಕದ ಮನೆಯವರಿಗೆ ಕ್ರೋಮ್‌ನ ಗೆಸ್ಟ್ ವಿಂಡೋ ತೆರೆದು ಕೊಡಿ. ಅವರು ಮುಚ್ಚಿದಾಗ ಅವರ ಕುಕಿಯೂ ಹೋಗುತ್ತದೆ, ನಿಮ್ಮದು ಅವರಿಗೆ ಕಾಣುವುದೂ ಇಲ್ಲ. ಮಕ್ಕಳಿಗೆ ವಿಂಡೋಸ್‌ನಲ್ಲೇ ಬೇರೆ ಖಾತೆ ಮಾಡಿಕೊಡಿ, ನಿಮ್ಮದಕ್ಕೆ ಪಾಸ್‌ವರ್ಡ್ ಇಡಿ.

ಪ್ರಶ್ನೆ: ಪ್ರತಿ ಸೈಟಿನಲ್ಲೂ ‘ಆ್ಯಕ್ಸೆಪ್ಟ್ ಆಲ್’ ಅಂತ ಬರುತ್ತದೆ. ಒತ್ತದಿದ್ದರೆ ಓದಲು ಬಿಡುವುದಿಲ್ಲವಾ?

ಉತ್ತರ: ಹೆಚ್ಚಿನ ಕಡೆ ಬಿಡುತ್ತದೆ. ಯುರೋಪಿನ ಕಾನೂನಿನಿಂದಾಗಿ ಬಂದ ಪೆಟ್ಟಿಗೆ ಅದು, 2018ರಿಂದ ಜಾಸ್ತಿಯಾಯಿತು. ಒಪ್ಪುವ ಬಟನ್ ದೊಡ್ಡದಾಗಿ ಬಣ್ಣದಲ್ಲಿ, ‘ರಿಜೆಕ್ಟ್’ ಸಣ್ಣ ಅಕ್ಷರದಲ್ಲಿ ಬದಿಗೆ. ಹುಡುಕಿ ಅದನ್ನೇ ಒತ್ತಿ. ಲಾಗಿನ್‌ಗೆ ಬೇಕಾದ ಕುಕಿ ಹೇಗೂ ಇರುತ್ತದೆ. ಬರೀ ‘ಓಕೆ’ ಇದ್ದರೆ ಒತ್ತಿ ಮುಂದೆ ಹೋಗಿ, ಥರ್ಡ್ ಪಾರ್ಟಿಯನ್ನು ಬ್ರೌಸರಿನಲ್ಲೇ ನಿಲ್ಲಿಸಿದ್ದೀರಲ್ಲ. ಆದರೆ ‘ನಿಮ್ಮ ಕಂಪ್ಯೂಟರಿನಲ್ಲಿ ಅಪಾಯಕಾರಿ ಕುಕಿ ಇದೆ, ಈ ಕ್ಲೀನರ್ ಹಾಕಿ’ ಅಂತ ಕೆಂಪು ಬಣ್ಣದಲ್ಲಿ ಹೆದರಿಸುವ ಪೆಟ್ಟಿಗೆ ಬಂದರೆ ಏನನ್ನೂ ಒತ್ತಬೇಡಿ, ಆ ಟ್ಯಾಬನ್ನೇ ಮುಚ್ಚಿ.